ಹೊಸ ಬ್ರೇಕಿನ ಮೊದಲ ದಿನ

ಗಾಡಿ ಓಡಿಸಿಕೊಡುವ ಮೆಕ್ಯಾನಿಕ್ಕುಗಳು ಬೀದಿಗೆ ಹತ್ತು ಜನ ಸಿಗುತ್ತಾರೆ, ನಿಲ್ಲಿಸಿಕೊಡುವವನು ತಾಲ್ಲೂಕಿಗೆ ಒಬ್ಬ ಸಿಕ್ಕಿದರೆ ಪುಣ್ಯ ಎಂದು ಯೋಗಾನಂದ ಯಾವಾಗಲೂ ಹೇಳುತ್ತಿದ್ದ. ಆ ಒಬ್ಬ ತಾನೇ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೇಳಿದವರಿಗೆ ತಾನಾಗಿಯೇ ತಿಳಿಯಲಿ ಎಂದು ಬಿಡುತ್ತಿದ್ದ. ಜಂಬ ಸುಮ್ಮನೆ ಬಂದದ್ದೂ ಅಲ್ಲ. ಬೆಂಗಳೂರಿನಲ್ಲಿ ರೇಸ್ ಕಾರು ಸಿದ್ಧ ಮಾಡುವ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಕೈ ಕಪ್ಪು ಮಾಡಿಕೊಂಡು, ದೊಡ್ಡಬಳ್ಳಾಪುರಕ್ಕೆ ವಾಪಸು ಬಂದು, ರಾಜಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಂತ ಶೆಡ್ ಹಾಕಿದ್ದ. ನೇಕಾರರ ಮನೆಯ ಹುಡುಗ ಮಗ್ಗ ಬಿಟ್ಟು ಸ್ಪ್ಯಾನರ್ ಹಿಡಿದನಲ್ಲ ಎಂದು ನಕ್ಕವರೇ ಆಮೇಲೆ ತಮ್ಮ ಗಾಡಿಗಳನ್ನು ತಂದು ಅವನ ಬಾಗಿಲಲ್ಲಿ ಸಾಲು ನಿಲ್ಲಿಸಿದರು.

ನವೀನ್‌ಕುಮಾರನೂ ಹಾಗೆ ಬಂದವನು. ರಾಜಘಟ್ಟದ ಅಪ್ಪಯ್ಯಣ್ಣನ ಒಬ್ಬನೇ ಮಗ. ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ಉಜ್ಜುವಷ್ಟು ತಗ್ಗಾದ, ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಹುಡುಕಿ ತಂದಿದ್ದ. ಅದರ ಎಂಜಿನ್ನಿಗೆ ದೊಡ್ಡ ಟರ್ಬೊ ಕೂರಿಸಿ, ಸೈಲೆನ್ಸರ್ ಬದಲಾಯಿಸಿ, ಊರಿನ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡುವ ಹಾಗೆ ಮಾಡಿಟ್ಟಿದ್ದ. ಕಾರಿನ ಶಕ್ತಿ ಒಂದಕ್ಕೆರಡಾಗಿತ್ತು. ಬ್ರೇಕು ಮಾತ್ರ ಹುಟ್ಟಿನಿಂದ ಬಂದದ್ದೇ ಇತ್ತು. ಓಡಿಸುವ ಹುಚ್ಚಿನವರೆಲ್ಲ ಹೀಗೆಯೇ, ನಿಲ್ಲಿಸುವುದು ಕೊನೆಗೆ ನೆನಪಾಗುತ್ತದೆ.

ನವೀನನಿಗೆ ಅದನ್ನು ನೆನಪಿಸಿದವಳು ಅವನ ತಾಯಿ ಲಕ್ಷ್ಮೀದೇವಮ್ಮ. ಮಗನ ಬಲವಂತಕ್ಕೆ ಒಂದು ದಿನ ಕಾರಿನಲ್ಲಿ ಕೂತವಳು ಊರ ಬಾಗಿಲು ದಾಟುವ ಮೊದಲೇ ಇಳಿದು, ಸೆರಗು ಸರಿಮಾಡಿಕೊಂಡು ನಡೆದೇ ಮನೆಗೆ ಬಂದಿದ್ದಳು. "ಓಡೋದು ನೋಡ್ದೆ ಕಣಪ್ಪ, ನಿಲ್ಲೋದು ನೋಡ್ಲಿಲ್ಲ. ನಿಲ್ಲೋ ಗಾಡಿ ಮಾಡ್ಕೊಂಡು ಬಾ, ಆಮೇಲೆ ಕೂತ್ಕೊತೀನಿ" ಎಂದಿದ್ದಳು. ಅವಳ ತವರು ದೊಡ್ಡಬೆಳವಂಗಲ. ಈ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಮಾವಂದಿರ ಮನೆಯ ಮುಂದೆ ಇಳಿಸಬೇಕು ಎಂಬುದು ನವೀನನ ಆಸೆ. ಅಪ್ಪಯ್ಯಣ್ಣನಿಗಂತೂ ಕಾರು ಕಂಡರಾಗದು. ಅದಕ್ಕೆ ಅವನು ಇಟ್ಟ ಹೆಸರೇ ಶನಿ.

"ಯೋಗಣ್ಣ, ದುಡ್ಡಿನ ಮಾತು ಆಮೇಲೆ" ಎಂದು ನವೀನ ಕೀ ತಂದು ಮೇಜಿನ ಮೇಲೆ ಇಟ್ಟ. "ನಮ್ಮಮ್ಮ ಹೆದರ್ದೆ ಕೂರೋ ಹಂಗೆ ಈ ಗಾಡಿ ನಿಲ್ಬೇಕು. ಆಯುಧಪೂಜೆ ಹೊತ್ತಿಗೆ ಮಾಡ್ಕೊಡು ಗುರು."

ಯೋಗಾನಂದ ಆ ಕೆಲಸವನ್ನು ಪ್ರೀತಿಯಿಂದ ಮಾಡಿದ. ಊಟದ ತಟ್ಟೆಗಿಂತ ಅಗಲವಾದ ಹೊಸ ಡಿಸ್ಕುಗಳು, ಅವನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್‌ಗಳು, ಹಳೆಯ ರಬ್ಬರಿನ ಬದಲಿಗೆ ಸ್ಟೀಲು ಹೆಣೆದ ಪೈಪುಗಳು. ಕ್ಯಾಲಿಪರ್ ಕೂರಲು ಬೇಕಾದ ಬ್ರಾಕೆಟ್ಟು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಯಿತೆಂದು ಎರಡು ಸಲ ಲೇತಿಗೆ ಕೊಟ್ಟು ಮಾಡಿಸಿದ. ಪೈಪಿನೊಳಗೆ ಗಾಳಿಯ ಗುಳ್ಳೆಯೊಂದೂ ಉಳಿಯದಂತೆ ತೆಗೆದ. ಹಬ್ಬದ ಹಿಂದಿನ ಸಂಜೆ ಕೆಲಸ ಮುಗಿಯಿತು. ಪೆಡಲ್ ಒತ್ತಿ ನೋಡಿದರೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕಾರಿಗೆ ನೀರು ಹೊಡೆದು ತೊಳೆದು, ಶೆಡ್ಡಿನೊಳಗೆ ನಿಲ್ಲಿಸಿ ಮನೆಗೆ ಹೋದ.

ಇನ್ನೊಂದು ಕೆಲಸ ಬಾಕಿ ಇತ್ತು. ಹೊಸ ಡಿಸ್ಕಿಗೆ, ಅದನ್ನು ಉಜ್ಜಿ ಹಿಡಿಯುವ ಹೊಸ ಪ್ಯಾಡು ಹಾಕಿದ ತಕ್ಷಣ ಬ್ರೇಕು ಪೂರ್ತಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ವೇಗವಾಗಿ ಹೋಗಿ ಜೋರಾಗಿ ಒತ್ತಬೇಕು, ನಿಲ್ಲುವ ಮೊದಲೇ ಬಿಟ್ಟು ಮತ್ತೆ ಓಡಿಸಬೇಕು. ಹೀಗೆ ಎಂಟು ಹತ್ತು ಸಲ ಮಾಡಿದರೆ ಪ್ಯಾಡು ಡಿಸ್ಕಿಗೆ ಒಗ್ಗುತ್ತದೆ. ಯೋಗಾನಂದ ಅದಕ್ಕೆ ಪಳಗಿಸುವುದು ಎನ್ನುತ್ತಿದ್ದ. ಪಳಗಿಸದೆ ಯಾವ ಗಾಡಿಯನ್ನೂ ಅವನು ಕೈ ಬಿಟ್ಟವನಲ್ಲ. ಬೆಳಿಗ್ಗೆ ಬೇಗ ಎದ್ದು ಪಳಗಿಸಿದರಾಯಿತು ಎಂದುಕೊಂಡಿದ್ದ.

ಹಬ್ಬದ ಬೆಳಿಗ್ಗೆ ಯಾರಿಗೆ ಬಿಡುವು! ಸೇವಂತಿಗೆ ಹೂವು, ಬಾಳೆಕಂದು, ಬೂದುಗುಂಬಳಕಾಯಿ ಎಂದು ಮಾರುಕಟ್ಟೆಯಲ್ಲೇ ಎಂಟು ಗಂಟೆಯಾಯಿತು. ಬರುವಷ್ಟರಲ್ಲಿ ಗಿರಾಕಿಗಳ ಗಾಡಿಗಳು ರಸ್ತೆಯವರೆಗೆ ನಿಂತಿದ್ದವು. ಶೆಡ್ಡಿನ ಪೂಜೆಯ ಯಜಮಾನಿಕೆಯೆಲ್ಲ ಯೋಗಾನಂದನ ತಂದೆ ಲಕ್ಷ್ಮಣಪ್ಪನದು. ಐವತ್ತು ವರ್ಷ ಮಗ್ಗ ನಡೆಸಿ, ಕಣ್ಣು ಮಂಜಾದ ಮೇಲೆ ಬಿಟ್ಟ ಮನುಷ್ಯ. ಮಗನ ಗ್ಯಾರೇಜಿನಲ್ಲಿ ವರ್ಷಕ್ಕೊಂದು ದಿನ ಅವನದೇ ರಾಜ್ಯ. ಒಣ ಕಬ್ಬಿಣಕ್ಕೆ ಕುಂಕುಮ ಇಡಬಾರದು ಎಂಬುದು ಅವರ ಮನೆಯ ಕಟ್ಟಳೆ. ಮಗ್ಗದ ಪೂಜೆಯ ದಿನ ಮೊದಲು ಪ್ರತಿಯೊಂದು ಕಬ್ಬಿಣವನ್ನೂ ಎಣ್ಣೆಬಟ್ಟೆಯಲ್ಲಿ ಒರೆಸಿ, ಆಮೇಲೇ ಅರಿಶಿನ ಕುಂಕುಮ. ಅಂದೂ ಐದು ಗಂಟೆಗೇ ಬೀಗ ತೆಗೆಸಿ, ಮಗ್ಗದೆಣ್ಣೆಯ ಡಬ್ಬಿ ಹಿಡಿದು, ಸ್ಪ್ಯಾನರ್, ಜಾಕು, ವೈಸು ಎಲ್ಲವನ್ನೂ ಒರೆಸಿ ಸಾಲಾಗಿ ಜೋಡಿಸಿದ್ದ. ಶೆಡ್ಡಿಗೆ ಶೆಡ್ಡೇ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಚಿಕ್ಕಂದಿನ ವಾಸನೆ. ಯೋಗಾನಂದನಿಗೆ ಖುಷಿಯೇ ಆಯಿತು.

ನವೀನ ತಾಯಿಯನ್ನು ಕರೆದುಕೊಂಡು ಬಂದ. ಲಕ್ಷ್ಮೀದೇವಮ್ಮ ಹೊಸ ಸೀರೆ ಉಟ್ಟು, ತವರಿಗೆಂದು ಒಬ್ಬಟ್ಟಿನ ಡಬ್ಬಿಯನ್ನೂ ಹಿಡಿದುಕೊಂಡಿದ್ದಳು. ಬಾನೆಟ್ಟಿಗೆ ತಾನೇ ಕುಂಕುಮ ಇಟ್ಟಳು. ಲಕ್ಷ್ಮಣಪ್ಪ ಆರತಿ ಎತ್ತಿದ, ಕುಂಬಳಕಾಯಿ ಒಡೆದ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ. ಆಗ ಯೋಗಾನಂದ ನವೀನನ ಹೆಗಲು ಮುಟ್ಟಿ, "ಇನ್ನೊಂದರ್ಧ ಗಂಟೆ ಕೊಡು. ಪ್ಯಾಡು ಪಳಗಿಸಿಲ್ಲ. ಒಂದು ರೌಂಡ್ ಹೋಗ್ಬಂದು ಕೊಟ್ಬಿಡ್ತೀನಿ" ಎಂದ.

"ಬ್ಯಾಡ ಕಣಪ್ಪ" ಎಂದಳು ಲಕ್ಷ್ಮೀದೇವಮ್ಮ. "ಇವತ್ತು ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಆಗ್ಲೇ ಹನ್ನೊಂದೂವರೆ ಆಯ್ತು. ಪೂಜೆ ಮಾಡಿದ್ ಗಾಡಿ ರಾಹುಕಾಲದಲ್ಲಿ ಎತ್ತೋದಾ? ನನ್ ಮಗ ಮೆಲ್ಲಗೆ ಓಡುಸ್ತಾನೆ ಬಿಡು."

ಹಬ್ಬದ ದಿನ ಹಿರಿಯ ಹೆಂಗಸಿನ ಮಾತಿಗೆ ಎದುರಾಡಲು ಯೋಗಾನಂದನಿಗೆ ನಾಲಗೆ ಏಳಲಿಲ್ಲ. ಕಿಟಕಿಗೆ ಬಗ್ಗಿ ನವೀನನಿಗೆ ಹೇಳಿದ: "ಮೊದಲ್ನೇ ದಿನ ಪೂರ್ತಿ ಹಿಡಿಯಲ್ಲ. ಸ್ವಲ್ಪ ಜಾರಿದಂಗೆ ಅನ್ಸುತ್ತೆ, ಸುಟ್ಟ ವಾಸ್ನೆನೂ ಬರುತ್ತೆ, ಗಾಬರಿಯಾಗ್ಬೇಡ. ಅರವತ್ತು ದಾಟ್ಬೇಡ. ನಾಳೆ ತಗೊಂಬಾ, ಪಳಗಿಸ್ಕೊಡ್ತೀನಿ."

ನಿಂಬೆಹಣ್ಣುಗಳು ಪಚಕ್ಕೆಂದವು. ಕಾರು ರಸ್ತೆಗೆ ಇಳಿಯಿತು.

ಪ್ರಸಾದ ಹಂಚಿ ಮುಗಿಯುವ ಮೊದಲೇ ಫೋನು ಬಂತು. ದೊಡ್ಡಬೆಳವಂಗಲದ ರಸ್ತೆಯ ಒಂದು ಇಳಿಜಾರಿನಲ್ಲಿ, ನೀಲಗಿರಿ ಮರದ ತುಂಡುಗಳನ್ನು ಹೇರಿಕೊಂಡ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಕಾರು ನಿಲ್ಲಲಿಲ್ಲ. ಕೊನೆಯ ಗಳಿಗೆಯಲ್ಲಿ ನವೀನ ಬಲಕ್ಕೆ ಎಳೆದ, ಎಡಗಡೆ ಪೂರ್ತಿ ಟ್ರೈಲರಿನ ಕೆಳಗೆ ಹೊಕ್ಕಿತು. ಎಡಗಡೆ ಕೂತಿದ್ದವಳು ತಾಯಿ. ಆಸ್ಪತ್ರೆ ತಲುಪುವ ಮೊದಲೇ ಲಕ್ಷ್ಮೀದೇವಮ್ಮನ ಉಸಿರು ನಿಂತಿತು. ನವೀನನ ಬಲತೊಡೆ ಮುರಿಯಿತು.

ತಾಯಿಯನ್ನು ಮಣ್ಣು ಮಾಡುವಾಗ ಮಗ ಆಸ್ಪತ್ರೆಯ ಮಂಚದ ಮೇಲಿದ್ದ. ಅಪ್ಪಯ್ಯಣ್ಣ ತಾನೇ ಎಲ್ಲ ಮಾಡಿದ. ಆಮೇಲೆ ಮಗನ ಜೊತೆ ಮಾತು ಬಿಟ್ಟ. ನವೀನ ಮಾತ್ರ ಡಾಕ್ಟರಿಂದ ಪೊಲೀಸರವರೆಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ಅರವತ್ತೂ ಇರ್ಲಿಲ್ಲ. ದೂರದಿಂದ್ಲೇ ತುಳಿದೆ. ಹಿಡೀಲೇ ಇಲ್ಲ."

ಯಾರು ನಂಬುತ್ತಾರೆ? ಎಮ್ಮೆ ಓಡಿಸುವ ಕಾರು, ಅದರಲ್ಲಿ ಇಪ್ಪತ್ತೇಳರ ಹುಡುಗ. ಊರ ಬಾಯಿಗೆ ಬೀಗ ಹಾಕುವವರಿಲ್ಲ. ಗಾಡಿ ಪರೀಕ್ಷೆಗೆ ಬಂದ ಅಧಿಕಾರಿ ಪೆಡಲ್ ಒತ್ತಿದ, ಗಟ್ಟಿಯಾಗಿತ್ತು. ಪೈಪುಗಳು ನೆಟ್ಟಗಿದ್ದವು, ಎಲ್ಲೂ ಸೋರಿರಲಿಲ್ಲ. ರಸ್ತೆಯ ಮೇಲೆ ಟೈರು ಉಜ್ಜಿದ ಗುರುತು ಒಂದು ಗೇಣೂ ಇರಲಿಲ್ಲ. ಗಾಡಿಯಲ್ಲಿ ದೋಷವಿಲ್ಲ, ಓಡಿಸಿದವನು ಬ್ರೇಕನ್ನೇ ಒತ್ತಿಲ್ಲ ಎಂದು ಬರೆದುಕೊಟ್ಟ.

ಆ ಸುದ್ದಿ ಕೇಳಿದಾಗ ಯೋಗಾನಂದನಿಗೆ ಮೊದಲು ಆದದ್ದು ಸಮಾಧಾನ. ತನ್ನ ಕೆಲಸದಲ್ಲಿ ತಪ್ಪಿಲ್ಲವಲ್ಲ ಎಂಬ ಸಮಾಧಾನ. ಅದಕ್ಕಾಗಿ ಅವನು ಆಮೇಲೆ ತನ್ನನ್ನು ತಾನೇ ಎಷ್ಟು ಬೈದುಕೊಂಡನೋ ಲೆಕ್ಕವಿಲ್ಲ.

ಹೇಳಿಕೆ ಕೊಡಲು ಠಾಣೆಗೆ ಕರೆದಿದ್ದರು. ಸಹಿ ಹಾಕಿ ಹೊರಗೆ ಬಂದವನು, ಹಿತ್ತಲಲ್ಲಿ ಜಪ್ತಿಯಾದ ಬೈಕುಗಳ ನಡುವೆ ನಿಂತಿದ್ದ ಕಾರಿನ ಹತ್ತಿರ ಹೋದ. ಎಡಭಾಗ ನೋಡಲಾಗದೆ ಬಲಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ. ಅಭ್ಯಾಸಬಲ, ಕೈ ತಾನಾಗಿ ಚಕ್ರದ ಕಡ್ಡಿಗಳ ನಡುವೆ ತೂರಿ ಡಿಸ್ಕನ್ನು ಮುಟ್ಟಿತು. ಹನ್ನೆರಡು ದಿನ ಬಯಲಲ್ಲಿ ನಿಂತ ಡಿಸ್ಕು ಇಷ್ಟು ಹೊತ್ತಿಗೆ ಕೆಂಪಗೆ ತುಕ್ಕು ಹಿಡಿಯಬೇಕಿತ್ತು. ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ತುಕ್ಕೇ ಇರಲಿಲ್ಲ. ಅಂಚಿನಲ್ಲಿ ಧೂಳು ಜಿಡ್ಡಿಗೆ ಅಂಟಿ ಮೆತ್ತಿಕೊಂಡಿತ್ತು. ಬೆರಳನ್ನು ಮೂಗಿಗೆ ಹಿಡಿದ. ಅರ್ಧ ಸುಟ್ಟಿದ್ದರೂ ಆ ವಾಸನೆ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಆ ಮಗ್ಗದೆಣ್ಣೆ ಮೆತ್ತಿದ ಮಗ್ಗದ ಮನೆಯಲ್ಲೇ ತೊಟ್ಟಿಲು ತೂಗಿಸಿಕೊಂಡವನು. ಹಿಂದಿನ ಚಕ್ರಕ್ಕೂ ಕೈ ಹಾಕಿದ. ಅಲ್ಲೂ ಅದೇ. ಪ್ಯಾಡು ಎಣ್ಣೆ ಕುಡಿದಿತ್ತು. ಇನ್ನು ಅದು ಏನನ್ನು ಹಿಡಿಯುತ್ತದೆ? ನವೀನ ಎಷ್ಟು ತುಳಿದರೂ ಗಾಡಿ ಜಾರುತ್ತಲೇ ಹೋಗಿದೆ. ಜಾರಿದಾಗ ಅವನು ಏನೆಂದುಕೊಂಡಿರಬೇಕು ಎಂಬುದೂ ಯೋಗಾನಂದನಿಗೆ ಗೊತ್ತಿತ್ತು. ಮೊದಲನೆಯ ದಿನ ಹೀಗೇ ಇರುತ್ತದೆ, ಯೋಗಣ್ಣ ಹೇಳಿದ್ದಾನಲ್ಲ ಎಂದುಕೊಂಡು ಇಳಿಜಾರಿನವರೆಗೂ ಹೋಗಿದ್ದಾನೆ. ತಾನೇ ಪಳಗಿಸಲು ಹೋಗಿದ್ದರೆ ಮೊದಲ ಒತ್ತಿಗೇ ತಿಳಿಯುತ್ತಿತ್ತು. ಅರ್ಧ ಗಂಟೆ. ಅಷ್ಟೇ ಬೇಕಿದ್ದದ್ದು.

ಮನೆಗೆ ಬಂದಾಗ ಲಕ್ಷ್ಮಣಪ್ಪ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದ.

"ಅಪ್ಪ, ಪೂಜೆ ದಿನ ಆ ಕಾರಿನ ಚಕ್ರದೊಳಗೇನಾದ್ರೂ ಒರೆಸಿದ್ಯಾ?"

"ಒರೆಸ್ದೆ ಇರ್ತೀನಾ?" ಲಕ್ಷ್ಮಣಪ್ಪನ ಮುಖ ಅರಳಿತು. "ನೀನು ನೀರು ಹೊಡೆದು ಹಂಗೇ ಬಿಟ್ಟೋಗಿದ್ದೆ. ಬೆಳಿಗ್ಗೆ ನೋಡ್ತೀನಿ, ಆ ಹೊಸ ತಟ್ಟೆಗಳ ಮೇಲೆ ಹಳದಿ ತುಕ್ಕು ಎದ್ಬಿಟ್ಟೈತೆ. ಅಷ್ಟು ದುಡ್ಡಿನ ಸಾಮಾನು! ಕೈ ತೂರಿಸಿ ನಾಲ್ಕಕ್ಕೂ ಎಣ್ಣೆ ಕೊಟ್ಟೆ. ಮುಖ ಕಾಣೋ ಹಂಗೆ ಹೊಳೀತಿದ್ವು. ಯಾಕೆ?"

"ಏನಿಲ್ಲ. ಸುಮ್ನೆ ಕೇಳ್ದೆ."

"ಆ ತಾಯಿ ನನ್ ಕೈಯಾರೆ ಆರತಿ ತಗೊಂಡ್ಳು ಕಣೋ" ಎಂದು ಲಕ್ಷ್ಮಣಪ್ಪ ಲೋಟ ಕೆಳಗಿಟ್ಟ. "ಹೆತ್ತೋಳ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಂಗಾ ಓಡ್ಸೋದು? ಅವನಿಗೆ ನರಕದಲ್ಲೂ ಜಾಗ ಇಲ್ಲ."

ಯೋಗಾನಂದ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ. ಅಪ್ಪ ಪ್ರೀತಿಯಿಂದಲೇ ಮಾಡಿದ್ದು, ಮನೆಯ ಕಟ್ಟಳೆಯಂತೆಯೇ ಮಾಡಿದ್ದು. ಇದಕ್ಕೆ ಯಾರನ್ನು ಬೈಯುವುದು? ಎಪ್ಪತ್ತೆರಡರ ಮುದುಕನಿಗೆ, ನೀನೇ ಆ ತಾಯಿಯನ್ನು ಕೊಂದೆ ಎಂದು ಯಾವ ಬಾಯಲ್ಲಿ ಹೇಳುವುದು?

ಎರಡು ತಿಂಗಳು ಹೇಳಲಿಲ್ಲ. ಗ್ಯಾರೇಜಿನಲ್ಲಿ ಗಿರಾಕಿಗಳು ನವೀನನ ಹೆಸರೆತ್ತಿ ಬೈದಾಗಲೆಲ್ಲ ಅವನು ಕಾರಿನ ಕೆಳಗೆ ತೂರಿಕೊಳ್ಳುತ್ತಿದ್ದ. ಒಂದು ದಿನ ಅಪ್ಪಯ್ಯಣ್ಣನ ತಂಗಿ ಅನಸೂಯ ಸ್ಕೂಟರ್ ರಿಪೇರಿಗೆ ತಂದವಳು ಅಲ್ಲೇ ನಿಂತು ಕಣ್ಣೊರೆಸಿಕೊಂಡಳು. ಅತ್ತಿಗೆ ಹೋದ ಮೇಲೆ ಆ ಮನೆಗೆ ಬೇಯಿಸಿ ಹಾಕುತ್ತಿದ್ದವಳು ಅವಳೇ. "ಅಪ್ಪ ಮಗ ಒಂದೇ ಸೂರಿನಡಿ ಇದ್ದೂ ಮುಖ ನೋಡಲ್ಲ ಕಣಣ್ಣ. ಅವನಿಗೆ ತಟ್ಟೆ ರೂಮಿಗೇ ಇಟ್ಬರ್ತೀನಿ. ಹಿಡೀಲಿಲ್ಲ ಹಿಡೀಲಿಲ್ಲ ಅಂತ ಗೋಡೆಗೆ ಹೇಳ್ಕೊಂಡು ಕೂತಿರ್ತಾನೆ. ನಮ್ಮಣ್ಣಂಗೆ ಅದು ಕೇಳಿದ್ರೆ ಇನ್ನೂ ಉರಿಯುತ್ತೆ. ಸುಳ್ಳ ಅಂತಾನೆ."

ಅಂದು ಯೋಗಾನಂದ ಗಟ್ಟಿ ಮನಸ್ಸು ಮಾಡಿದ. ಅಪ್ಪನ ಹೆಸರು ಯಾಕೆ ಎತ್ತಬೇಕು? ತುಕ್ಕು ಹಿಡಿಯದಿರಲೆಂದು ಹೊಸ ಡಿಸ್ಕಿಗೆ ಕಂಪನಿಯವರೇ ಒಂದು ಪದರ ಎಣ್ಣೆ ಬಳಿದು ಕಳಿಸುತ್ತಾರೆ. ಅದನ್ನು ತೊಳೆದು ತೆಗೆಯಲು ಮರೆತೆ, ತಪ್ಪು ನನ್ನದೇ ಎಂದರೆ ಆಯಿತು. ಅಪ್ಪನೂ ಉಳಿಯುತ್ತಾನೆ, ನವೀನನ ಮಾತೂ ಉಳಿಯುತ್ತದೆ. ಹೋಗುವುದು ತನ್ನ ಹೆಸರು, ಬಹುಶಃ ಗ್ಯಾರೇಜು. ಹೋಗಲಿ. ಆ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ಮಾರನೆಯ ದಿನ ಮಧ್ಯಾಹ್ನ ರಾಜಘಟ್ಟಕ್ಕೆ ಹೊರಟ.

ಅಪ್ಪಯ್ಯಣ್ಣ ಜಗುಲಿಯ ಮೇಲೆ ಕೂತಿದ್ದ. ಎರಡು ತಿಂಗಳಲ್ಲಿ ಆಳು ಅರ್ಧವಾಗಿದ್ದ. "ಬಾಪ್ಪ ಯೋಗಾನಂದ" ಎಂದು ಎದ್ದು ಬಂದು ಕೈ ಹಿಡಿದುಕೊಂಡ. "ನೀನು ಬರ್ಲಿಲ್ವಲ್ಲ ಅಂತ ನಾನೇ ಅಂದ್ಕೊಂತಿದ್ದೆ. ನೀನ್ಯಾಕೆ ತಲೆ ತಗ್ಗಿಸ್ಕೊಂಡಿದ್ದೀಯ? ನಿನ್ ಕೆಲ್ಸದಲ್ಲಿ ಒಂದು ಕೂದ್ಲು ತಪ್ಪಿಲ್ಲ ಅಂತ ಆಫೀಸರೇ ಬರ್ಕೊಟ್ಟವ್ರೆ."

"ಅಪ್ಪಯ್ಯಣ್ಣ, ಒಂದು ಮಾತು ಹೇಳೋಕೆ ಬಂದೆ..."

ಒಳಗಿನಿಂದ ಟಕ್ ಟಕ್ ಎಂದು ಸದ್ದಾಯಿತು. ನವೀನ ನಾಲ್ಕು ಕಾಲಿನ ವಾಕರ್ ಊರಿಕೊಂಡು ಬಾಗಿಲಿಗೆ ಬಂದು ನಿಂತ. ಗಡ್ಡ ಬೆಳೆದಿತ್ತು. ಅಪ್ಪಯ್ಯಣ್ಣ ಮುಖ ರಸ್ತೆಯ ಕಡೆಗೆ ತಿರುಗಿಸಿಕೊಂಡ.

"ಯೋಗಣ್ಣ, ನೀನಾದ್ರೂ ಹೇಳು" ಎಂದ ನವೀನ. ದನಿಯಲ್ಲಿ ಬೇಡಿಕೆಯಿತ್ತು. "ನೀನು ಹೇಳಿದ್ರೆ ನಮ್ಮಪ್ಪ ನಂಬುತ್ತೆ. ಬ್ರೇಕ್ ಹಿಡೀಲಿಲ್ಲ ಅಲ್ವಾ? ಏನೋ ಆಗಿತ್ತು ಅಲ್ವಾ ಅದಕ್ಕೆ?"

ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯ ನಾಲಗೆಯ ತುದಿಯಲ್ಲೇ ಇತ್ತು. ಹಿಂದಿನ ದಿನ ಇಲ್ಲದ ಒಂದು ಹೆದರಿಕೆ ಆಗ ಅವನನ್ನು ಹಿಡಿಯಿತು. ಕೈ ಹಿಡಿದುಕೊಂಡಿದ್ದ ಈ ಮುದುಕ ಕೈ ಕೊಡವಿ ಬಿಡುತ್ತಾನೆ. ಪೊಲೀಸರು ಮತ್ತೆ ಬರುತ್ತಾರೆ, ಕೆದಕುತ್ತಾರೆ, ಅಪ್ಪನ ಎಣ್ಣೆಯ ಡಬ್ಬಿಯವರೆಗೂ ಹೋಗುತ್ತಾರೆ. ನಿಲ್ಲಿಸಿಕೊಡುವವನು ಎಂದು ಹೆಸರಾದ ಯೋಗಾನಂದ ಒಬ್ಬ ತಾಯಿಯನ್ನು ಕೊಂದವನಾಗುತ್ತಾನೆ. ಅಪ್ಪನಿಗಾಗಿ ಹೆದರಿದೆ ಎಂದು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಅದು ಅರ್ಧ ನಿಜ. ಉಳಿದರ್ಧ ತನಗಾಗಿ.

"ಬ್ರೇಕು ಸರಿಯಾಗೇ ಇತ್ತು ನವೀನ" ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನವೀನ ಜಗಳವಾಡುತ್ತಾನೆ, ಸುಳ್ಳು ಎಂದು ಕೂಗುತ್ತಾನೆ ಎಂದು ಯೋಗಾನಂದ ಕಾದ. ಕೂಗಿದ್ದರೆ ಬಹುಶಃ ನಿಜ ಹೇಳಿಬಿಡುತ್ತಿದ್ದ. ನವೀನ ಕೂಗಲಿಲ್ಲ. ಬಗ್ಗಿ ತನ್ನ ಬಲಗಾಲನ್ನು ನೋಡಿಕೊಂಡ. 

"ಹಂಗಾದ್ರೆ ನಾನು ತುಳೀಲೇ ಇಲ್ವೇನೋ ಅಣ್ಣ" ಎಂದ. "ತುಳಿದೆ ಅಂದ್ಕೊಂಡಿದ್ದೆ. ಈಗ್ಲೂ ಕಾಲಲ್ಲಿ ಹಂಗೇ ಅನ್ಸುತ್ತೆ. ಆದ್ರೆ ನೀನೇ ಹೇಳ್ತಿದ್ದೀಯ ಅಂದ್ಮೇಲೆ... ನಾನೇ ನಮ್ಮಮ್ಮನ್ನ..."

ವಾಕರ್ ಒಂದು ಕಡೆಗೆ ವಾಲಿತು. ಅಪ್ಪಯ್ಯಣ್ಣ ಇತ್ತ ತಿರುಗಿದ. ಹೊಡೆಯುತ್ತಾನೇನೋ ಎನಿಸಿತು. ಮಗನ ಹತ್ತಿರ ಹೋಗಿ, ಬೀಳದ ಹಾಗೆ ಅವನ ರೆಟ್ಟೆ ಹಿಡಿದುಕೊಂಡ.

"ಇಷ್ಟು ದಿನಕ್ಕೆ ಒಪ್ಕೊಂಡ್ಯಲ್ಲೋ" ಎಂದ. "ಇದೊಂದು ಮಾತಿಗೆ ಕಾಯ್ತಿದ್ನಲ್ಲೋ ನಾನು. ಬಾ. ಉಣ್ಣು ಬಾ. ಲೇ ಅನಸೂಯ, ಮೂರು ತಟ್ಟೆ ಇಡು."

ಎರಡು ತಿಂಗಳಲ್ಲಿ ಅಪ್ಪ ಮಗನಿಗೆ ಆಡಿದ ಮೊದಲ ಮಾತು ಅದು. ಅನಸೂಯ ಅಡಿಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಓಡಿ ಹೋಗಿ ತಟ್ಟೆ ತಂದಳು. ಯೋಗಾನಂದನಿಗೆ ಹೊರಟು ಹೋಗಲೂ ಆಗಲಿಲ್ಲ. ನಿಜ ಹೇಳುವ ಬಾಗಿಲು ಇಲ್ಲಿಯವರೆಗೆ ಅರ್ಧವಾದರೂ ತೆರೆದಿತ್ತು. ಈಗ ಹೇಳಿದರೆ ಇವರಿಬ್ಬರನ್ನು ಕೂಡಿಸಿದ್ದನ್ನೂ ಅವನೇ ಕಿತ್ತುಕೊಂಡ ಹಾಗೆ. ಇನ್ನು ಹುಡುಗ ಬದುಕಿರುವಷ್ಟು ದಿನ, ತುಳಿದ ಕಾಲನ್ನೇ ತುಳಿಯದ ಕಾಲು ಎಂದುಕೊಂಡು ಬದುಕುತ್ತಾನೆ.

ಮುದ್ದೆ ಬಂತು, ಅವರೆಕಾಳಿನ ಸಾರು ಬಂತು. ನವೀನ ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದ, ಕಣ್ಣೀರು ತಟ್ಟೆಗೇ ಬೀಳುತ್ತಿತ್ತು. "ಅವನಿಗಿನ್ನೊಂದು ಸೌಟು ಬಿಡು" ಎಂದ ಅಪ್ಪಯ್ಯಣ್ಣ ತಂಗಿಗೆ. ಆಮೇಲೆ ಯೋಗಾನಂದನ ಕಡೆ ತಿರುಗಿದ.

"ಏನೋ ಹೇಳೋಕೆ ಬಂದೆ ಅಂದ್ಯಲ್ಲಪ್ಪ ಆಗ. ಏನದು?"

"ಏನಿಲ್ಲ ಅಣ್ಣ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದು ಯೋಗಾನಂದ ಇನ್ನೊಂದು ತುತ್ತು ಮುರಿದುಕೊಂಡ.